ಹಿಮಬಂಡಿ ತಾಸಿಗೆ 150 ಕಿ.ಮೀ. ಹೆಂಗ ಮುಟ್ಟತೈತಿ? ವಿಜ್ಞಾನ ಪ್ರದರ್ಶನಕ್ಕ ಮಾದರಿ ಮಾಡಬೇಕಾಗೈತಿ

ಹಾವೇರಿ ಮಾಸ್ತರ:
ಎಲ್ಲಾರಿಗೂ ನಮಸ್ಕಾರ. ಒಂಬತ್ತನೇ ಇಯತ್ತೆ ಹುಡುಗರು ತಾಲ್ಲೂಕು ಮಟ್ಟದ ವಸ್ತುಪ್ರದರ್ಶನಕ್ಕೆ ಇಳಿಜಾರು, ಘರ್ಷಣೆ, ವೇಗ ಅನ್ನೋ ವಿಷಯ ಆರಿಸಿಕೊಂಡಾರ. ಚಳಿಗಾಲದ ಒಲಿಂಪಿಕ್ಸಿನ ಹಿಮಬಂಡಿ ಆಟಗಳನ್ನ ಇಟ್ಟುಕೊಂಡು ಮಾದರಿ ಮಾಡಬೇಕಂತ ಅವರ ಆಸೆ. ಮೂರು ಪ್ರಶ್ನೆ ಅದಾವ. ಲೂಜ್, ಸ್ಕೆಲಿಟನ್, ಬಾಬ್‌ಸ್ಲೆಡ್ ಇವುಗಳ ಫರಕು ಚಾರ್ಟಿನಾಗ ತಪ್ಪಿಲ್ಲದ ಹೆಂಗ ಬರೀಬೇಕು? ಇಳಿಜಾರಿನಾಗ ತೂಕಕ್ಕೂ ವೇಗಕ್ಕೂ ಸಂಬಂಧ ಇಲ್ಲಂತ ಕಲಸತೀವಿ, ಆದ್ರ ಈ ಆಟದಾಗ ತೂಕಕ್ಕೆ ಮಿತಿ ಹಾಕ್ಯಾರ. ಮಕ್ಕಳಿಗೆ ಏನಂತ ಹೇಳೋದು? ಹಾವೇರಿ ಬಿಸಿಲಾಗ ಹಿಮ ಇಲ್ಲದ ಇದನ್ನ ತೋರಿಸೋದು ಹೆಂಗ? ಖರ್ಚು ಕಡಿಮಿ ಇರಲಿ, ಸಾಮಾನು ಹುಬ್ಬಳ್ಳಿಯೊಳಗ ಸಿಗೋ ಹಂಗ ಇರಲಿ.

ಬೆಟಗೇರಿ ಕ್ರೀಡಾಪುಟ:
ಮಾಸ್ತರ್ರೇ, ಮೊದಲನೇ ಪ್ರಶ್ನೆಗೆ ನಾನು ಬರೀತೀನಿ.

ಲೂಜ್ ಅಂದರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ಇಳಿಯೋದು. ಒಬ್ಬರ ಬಂಡಿ 21ರಿಂದ 25 ಕೆ.ಜಿ., ಜೋಡಿ ಬಂಡಿ 25ರಿಂದ 30 ಕೆ.ಜಿ. ಇಲ್ಲಿ ಓಡಿ ಬಂದು ಹತ್ತೋದಿಲ್ಲ. ಕೂತುಕೊಂಡೇ ಎರಡೂ ಬದಿಗೆ ನೆಟ್ಟ ಹಿಡಿಕೆ ಹಿಡಿದು, ಹಿಂದೆ ಮುಂದೆ ತೂಗಿ, ಜೋರಾಗಿ ಎಳೆದು ಬಿಡ್ತಾರೆ. ಆಮೇಲೆ ಬೆರಳ ತುದಿಗೆ ಸಣ್ಣ ಮುಳ್ಳಿರೋ ಕೈಗವಸಿನಿಂದ ಮೂರ್ನಾಲ್ಕು ಸಲ ಐಸ್ ತಳ್ಳಿ ಮಲಗಿಬಿಡ್ತಾರೆ. ತಿರುಗಿಸೋದು ಮೀನಖಂಡದಿಂದ: ಬಲಗಾಲಿನಿಂದ ಬಲ ರನ್ನರಿನ (ಬಂಡಿ ಕೆಳಗೆ ಐಸಿನ ಮೇಲೆ ಜಾರೋ ಪಟ್ಟಿ) ಮುಂಭಾಗ ಒಳಗೆ ಒತ್ತಿದರೆ ಬಂಡಿ ಎಡಕ್ಕೆ ಹೊರಳುತ್ತೆ. ಜೊತೆಗೆ ಎದುರು ಭುಜದ ಭಾರವೂ ಬೇಕು. ಬ್ರೇಕ್ ಅನ್ನೋದು ಬಂಡಿಯಲ್ಲೇ ಇಲ್ಲ. ಗೆರೆ ದಾಟಿದ ಮೇಲೆ ಎದ್ದು ಕೂತು, ಕಾಲೂರಿ, ರನ್ನರಿನ ಮೂತಿ ಮೇಲಕ್ಕೆ ಎಳೆದು ನಿಲ್ಲಿಸ್ತಾರೆ.

ಸ್ಕೆಲಿಟನ್‌ನಲ್ಲಿ ಹೊಟ್ಟೆ ಕೆಳಗೆ, ತಲೆ ಮುಂದೆ. ಗದ್ದ ಐಸಿನಿಂದ ಕೆಲವೇ ಸೆಂಟಿಮೀಟರ್ ಮೇಲಿರುತ್ತೆ. ಬಗ್ಗಿ, ಬಂಡಿ ಹಿಡಿದು ಓಡಿ, ಅದರ ಮೇಲೆ ಹಾರಿ ಮಲಗೋದು. ಸ್ಟೀರಿಂಗ್ ಇಲ್ಲ, ಭುಜ ಮತ್ತು ಮೊಣಕಾಲಿನ ಒತ್ತಡವೇ ಎಲ್ಲಾ. ತೀರಾ ಬೇಕಾದರೆ ಬೂಟಿನ ತುದಿ ಐಸಿಗೆ ತಾಗಿಸ್ತಾರೆ, ಹಾಗೆ ತಾಗಿಸಿದಷ್ಟೂ ಸಮಯ ಹೋಗುತ್ತೆ.

ಬಾಬ್‌ಸ್ಲೆಡ್‌ಗೆ ಮುಚ್ಚಿಗೆಯ ಮೈ ಇರುತ್ತೆ. ಇಬ್ಬರದು, ನಾಲ್ವರದು ಹಳೇದು. ಹೆಣ್ಣುಮಕ್ಕಳ ಒಬ್ಬರ ಬಂಡಿ 2022ರ ಬೀಜಿಂಗ್ ಕೂಟದಲ್ಲಿ ಬಂತು. ಮುಂದೆ ಕೂತ ಚಾಲಕರ ಕೈಯಲ್ಲಿ ಎರಡು ಬಳೆ, ಬಳೆಯಿಂದ ಹಗ್ಗ, ಹಗ್ಗದಿಂದ ಮುಂದಿನ ರನ್ನರ್ ಜೋಡಿ ತಿರುಗುತ್ತೆ. ಕಾರಿನ ಸ್ಟೀರಿಂಗ್ ಚಕ್ರದ ಚಿತ್ರ ಚಾರ್ಟಿನಲ್ಲಿ ಬಿಡಿಸಬೇಡಿ. ಹಿಂದೆ ಕೂತವರು ಹಲ್ಲಿನ ಬ್ರೇಕ್ ಎಳೀತಾರೆ, ಅದೂ ಗೆರೆ ದಾಟಿದ ಮೇಲೆಯೇ. ನಡುವೆ ಎಳೆದರೆ ಐಸ್ ಉತ್ತು ಹೋಗಿ ಹಿಂದಿನವರ ದಾರಿ ಹಾಳಾಗುತ್ತೆ.

ಮೂರೂ ಒಂದೇ ದಾರಿಯಲ್ಲಿ ಇಳಿಯಬಲ್ಲವು, ಆದರೆ ಸಮಯ ಅಳೆಯೋ ರೀತಿ ಬೇರೆ. ಬಾಬ್, ಸ್ಕೆಲಿಟನ್‌ಗೆ ಸೆಕೆಂಡಿನ ನೂರನೇ ಭಾಗ. ಲೂಜ್‌ಗೆ ಸಾವಿರನೇ ಭಾಗ. 1972ರ ಸಪ್ಪೊರೊ ಕೂಟದ ಜೋಡಿ ಲೂಜ್‌ನಲ್ಲಿ ಇಟಲಿ ಮತ್ತು ಪೂರ್ವ ಜರ್ಮನಿ ಸರಿಸಮ ಬಂದು ಎರಡಕ್ಕೂ ಚಿನ್ನ ಕೊಡಬೇಕಾಯ್ತು, ಆಮೇಲೆ ಸಾವಿರನೇ ಭಾಗಕ್ಕೆ ಹೋದರು. ಬಾಬ್‌ನಲ್ಲಿ ಈಗಲೂ ಹಾಗಾಗುತ್ತೆ: 2018ರಲ್ಲಿ ಇಬ್ಬರ ಬಾಬ್ ಚಿನ್ನವನ್ನು ಜರ್ಮನಿ, ಕೆನಡಾ ಹಂಚಿಕೊಂಡವು.

ಕೆಲಗೇರಿ ಭೌತಶಾಸ್ತ್ರ:
ಅಕ್ಕಾರು ಭಾಳ ಚಲೋ ಬರದಾರ. ಎರಡನೇ ಪ್ರಶ್ನೆಗೆ ನಾನು ಬರತೀನಿ.

ಪುಸ್ತಕದಾಗಿರೋದು ತಪ್ಪಲ್ಲ ಮಾಸ್ತರ್ರ, ಗಾಳಿ ಇಲ್ಲದ ಜಾಗಕ್ಕ ಅದು ಖರೇನ. ಬಂಡಿಯನ್ನ ಕೆಳಗ ಎಳಿಯೋ ಬಲ ದ್ರವ್ಯರಾಶಿಗೆ ತಕ್ಕಂಗ ಹೆಚ್ಚತೈತಿ, ಐಸಿನ ಘರ್ಷಣೆನೂ ಹಂಗ. ಅದಕ್ಕ ವೇಗೋತ್ಕರ್ಷದ ಲೆಕ್ಕದಾಗ ದ್ರವ್ಯರಾಶಿ ಹೊಡದು ಹೋಗತೈತಿ. ಗಾಳಿ ತಡೆ ಮಾತ್ರ ಬ್ಯಾರೆ. ಅದು ಎದುರಿಗೆ ಕಾಣೋ ಮೈಯ ಅಗಲ, ಆಕಾರ, ಮತ್ತ ವೇಗದ ವರ್ಗ ನೋಡತೈತಿ, ತೂಕ ನೋಡಂಗಿಲ್ಲ. ಒಂದೇ ಅಗಲದ ಎರಡು ಬಂಡಿಗೆ ಒಂದೇ ವೇಗದಾಗ ಗಾಳಿ ಒಂದೇ ಬಲದಿಂದ ತಡೀತೈತಿ, ಆದ್ರ ಆ ಬಲ ಹಗುರ ಬಂಡಿಯ ವೇಗಾನ ಭಾಳ ತಗ್ಗಸತೈತಿ, ಭಾರದ್ದನ್ನ ಸ್ವಲ್ಪ. ಮೆಲ್ಲಗ ಹೋಗೋವಾಗ ಇದು ಕಾಣಂಗಿಲ್ಲ. ತಾಸಿಗೆ 100 ಕಿ.ಮೀ. ದಾಟಿದ ಮ್ಯಾಲೆ ಇದ ಮುಖ್ಯ ಆಗತೈತಿ.

ಒಂದು ಲೆಕ್ಕ ಮಕ್ಕಳ ಕಡೆ ಮಾಡಸ್ರಿ. ಕೆನಡಾದ ವಿಸ್ಲರ್ ದಾರಿಯ ಇಳಿತ 152 ಮೀಟರ್. ಯಾವ ನಷ್ಟಾನೂ ಇಲ್ಲಂದ್ರ, 2 × 9.81 × 152ರ ವರ್ಗಮೂಲ ತಗೀರಿ: ಸೆಕೆಂಡಿಗೆ 54.6 ಮೀಟರ್, ಅಂದ್ರ ತಾಸಿಗೆ 197 ಕಿ.ಮೀ. ಖರೇ ಬಂಡಿ ಅಲ್ಲಿ ಮುಟ್ಟೋದು 150ರ ಆಸುಪಾಸು. 150 ಕಿ.ಮೀ.ಗೆ ಬೇಕಾಗೋ ಎತ್ತರ ತಿರುಗಿ ಲೆಕ್ಕ ಹಾಕಿದ್ರ 88 ಮೀಟರ್ ಬರತೈತಿ. ಉಳದ 64 ಮೀಟರ್ ಎಲ್ಲಿ ಹೋತು? ಐಸಿನ ಘರ್ಷಣಾಂಕ, ಅಂದ್ರ ಒತ್ತೋ ಬಲದಾಗ ಘರ್ಷಣೆ ಎಷ್ಟನೇ ಪಾಲು ಅನ್ನೋದು, 0.01 ಹಿಡದ್ರ ಒಂದೂವರಿ ಕಿ.ಮೀ. ದಾರಿಗೆ 15 ಮೀಟರ್ ಎತ್ತರದಷ್ಟು ಶಕ್ತಿ ಹೋಗತೈತಿ. ತಿರುವಿನಾಗ ಬಂಡಿ ಐಸನ್ನ ಮೂರು ನಾಲ್ಕು ಪಟ್ಟು ಒತ್ತೋದರಿಂದ ಅದರ ಮ್ಯಾಲೊಂದಿಷ್ಟು. ಮಿಕ್ಕಿದ್ದು ಗಾಳಿದು, ಚಾಲಕ ತಿರುಗಿಸಿದಾಗ ರನ್ನರ್ ಅಡ್ಡ ಕೊರದದ್ದು.

ಈ ಆಟದ ಜೀವಾಳ ಇಲ್ಲೇ ಐತಿ. ಒಮ್ಮೆ ಬಂಡಿ ಹತ್ತಿದ ಮ್ಯಾಲೆ ಯಾರೂ ವೇಗ ಕೂಡಸಂಗಿಲ್ಲ. ಎಲ್ಲಾರಿಗೂ ಗುರುತ್ವ ಕೊಡೋದು ಅಷ್ಟ. ಆ 64 ಮೀಟರಿನ ನಷ್ಟಾನ ಯಾರು 63 ಮಾಡತಾರ, ಅವರು ಗೆಲ್ಲತಾರ.

ಬೆಟಗೇರಿ ಕ್ರೀಡಾಪುಟ:
ತೂಕದ ಮಿತಿಗೆ ಇತಿಹಾಸದಲ್ಲೇ ಉದಾಹರಣೆ ಇದೆ. 1952ರ ಓಸ್ಲೋ ಕೂಟದಲ್ಲಿ ಆಂಡ್ರಿಯಾಸ್ ಓಸ್ಟ್ಲರ್ ಓಡಿಸಿದ ಜರ್ಮನಿಯ ನಾಲ್ವರ ತಂಡ ಬರೀ ಮನುಷ್ಯರ ತೂಕವೇ 472 ಕೆ.ಜಿ. ಇತ್ತು, ತಲೆಗೆ 118. ಸಲೀಸಾಗಿ ಚಿನ್ನ ಗೆದ್ದರು. ಅದಾದ ಮೇಲೆ ಒಟ್ಟು ತೂಕಕ್ಕೆ ಮಿತಿ ಬಂತು. ಈಗ ನಾಲ್ವರ ಬಾಬ್ ಜನರ ಸಮೇತ 630 ಕೆ.ಜಿ. ಮೀರಬಾರದು, ಗಂಡಸರ ಇಬ್ಬರ ಬಾಬ್ 390. ತಂಡ ಹಗುರ ಇದ್ದರೆ ಬಂಡಿಗೇ ತೂಕ ಕಟ್ಟಿಕೊಳ್ಳಬಹುದು. ಲೂಜ್‌ನಲ್ಲಿ 90 ಕೆ.ಜಿ.ಗಿಂತ ಹಗುರ ಇರೋ ಗಂಡಸರಿಗೆ ಒಂದು ಮಿತಿಯೊಳಗೆ ಮೈಮೇಲೆ ಹೆಚ್ಚುವರಿ ತೂಕ ಹಾಕಿಕೊಳ್ಳೋ ಅವಕಾಶ ಇದೆ.

ತೂಕ ಸರಿಸಮ ಆದ ಮೇಲೆ ಗೆಲುವು ಮೇಲಿನ ತಳ್ಳಾಟಕ್ಕೆ ಬಂತು. ಬಾಬ್‌ನ ಮೊದಲ 50 ಮೀಟರ್ ಐದು ಸೆಕೆಂಡಿನ ಸುತ್ತ ಮುಗಿಯುತ್ತೆ. ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಹೋದರೆ ಕೆಳಗೆ ಬರುವಷ್ಟರಲ್ಲಿ ಅದು ಮೂರು ಪಟ್ಟಾಗುತ್ತೆ ಅನ್ನೋದು ಈ ಆಟದವರ ಲೆಕ್ಕ. ಓಟಗಾರರನ್ನು ಬಾಬ್ ತಂಡಗಳು ಹುಡುಕಿಕೊಂಡು ಹೋಗೋದು ಅದಕ್ಕೇ.

ಶಿಗ್ಗಾವಿ ಹುಡುಗ:
ಸರ್, ಬ್ಲೇಡಿನ ಒತ್ತಡಕ್ಕೆ ಐಸ್ ಕರಗಿ ನೀರಾಗುತ್ತೆ, ಅದಕ್ಕೆ ಜಾರುತ್ತೆ ಅಂತ ಗೈಡ್‌ನಲ್ಲಿದೆ. ಚಾರ್ಟಿಗೆ ಅದನ್ನ ಬರೀಬಹುದಲ್ವಾ?

ಕೆಲಗೇರಿ ಭೌತಶಾಸ್ತ್ರ:
ಬರೀಬ್ಯಾಡ ತಮ್ಮಾ. ಒತ್ತಡ ಹಾಕಿದ್ರ ಐಸಿನ ಕರಗೋ ಉಷ್ಣತೆ ಇಳಿಯೋದು ಖರೇ, ಆದ್ರ ಎಷ್ಟು? ಒಂದು ಡಿಗ್ರಿ ಇಳಸಬೇಕಂದ್ರ ಸುಮಾರು 130 ವಾಯುಭಾರದಷ್ಟು ಒತ್ತಡ ಬೇಕು. ಐಸ್ ಮೈನಸ್ 7 ಡಿಗ್ರಿ ಇದ್ರ 900ಕ್ಕಿಂತ ಹೆಚ್ಚು. ಹಂಗ ನೋಡಿದ್ರ ಹಗುರ ಮನುಷ್ಯ ಬರೀ ಬೂಟಿನ ಮ್ಯಾಲೆ ಜಾರಬಾರದು, ಆದ್ರ ಜಾರತಾನ. ಎರಡು ಕಾರಣ ಬರಿ. ಐಸಿನ ಮೇಲ್ಪದರದ ಅಣುಗಳಿಗೆ ಮ್ಯಾಲಿನ ಕಡೆ ಹಿಡಿತ ಇರಂಗಿಲ್ಲ. ಸೊನ್ನೆಗಿಂತ ಕೆಳಗೂ ಆ ಪದರ ಸಡಲ ಇರತೈತಿ. ಇದರ ಸುಳಿವನ್ನ ಮೈಕೆಲ್ ಫ್ಯಾರಡೆ 1850ರ ಸುಮಾರಿಗೆ ಹಿಡದಿದ್ದ. ಎರಡನೇದು, ಜಾರೋವಾಗ ಘರ್ಷಣೆಯಿಂದ ಹುಟ್ಟೋ ಕಾವು ಆ ಪದರಾನ ಇನ್ನಷ್ಟು ನೀರು ಮಾಡತೈತಿ.

ಇದರಾಗ ಒಂದು ಸೂಕ್ಷ್ಮ ಐತಿ. ಉಕ್ಕು ಐಸಿನ ಮ್ಯಾಲೆ ಅತಿ ಚಲೋ ಜಾರೋದು ಮೈನಸ್ 7 ಡಿಗ್ರಿ ಸುತ್ತಮುತ್ತ. ಅದಕ್ಕಿಂತ ಭಾಳ ತಂಪಾದ್ರ ಮೇಲ್ಪದರ ಬಿಗಿ ಆಗಿ ಘರ್ಷಣೆ ಏರತೈತಿ. ಸೊನ್ನೆ ಹತ್ರ ಬಂದ್ರ ಐಸ್ ಮೆತ್ತಗಾಗಿ ರನ್ನರ್ ಒಳಗ ಕೊರೀತೈತಿ, ಮತ್ತ ಘರ್ಷಣೆ ಏರತೈತಿ.

ಬ್ಯಾಡಗಿ ಕೋಲ್ಡ್ ಸ್ಟೋರೇಜ್:
ಆ ಮೈನಸ್ 7 ಕಾಯ್ದುಕೊಳ್ಳೋದು ಅಲ್ಲಿನವರ ದೊಡ್ಡ ಕೆಲಸ. ಈಗಿನ ದಾರಿ ಅಂದ್ರ ಕಾಂಕ್ರೀಟಿನ ಉದ್ದನೆಯ ದೋಣಿ. ಕಾಂಕ್ರೀಟಿನ ಒಳಗ ಪೈಪ್ ಜಾಲ, ಅದರಾಗ ಅಮೋನಿಯಾ. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಾಗ ಬಳಸೋ ಅಮೋನಿಯಾನೇ ಅದು. ಸಾಮಾನ್ಯ ವಾಯುಭಾರದಾಗ ಮೈನಸ್ 33 ಡಿಗ್ರಿಗೆ ಕುದೀತೈತಿ, ಒಂದು ಕೆ.ಜಿ. ಕುದಿಯೋವಾಗ ಸುಮಾರು 1,370 ಕಿಲೋಜೌಲ್ ಶಾಖ ಎಳಕೊಳ್ಳತೈತಿ. ಇಷ್ಟು ಕಡಿಮಿ ಅನಿಲದಿಂದ ಇಷ್ಟು ತಂಪು ಮತ್ತೊಂದರಿಂದ ಸಿಗೋದು ಕಷ್ಟ. ಸೋರಿದ್ರ ಅಪಾಯ, ಅದಕ್ಕ ವಾಸನೆ ಪತ್ತೆ ಹಚ್ಚೋ ಯಂತ್ರ ದಾರಿಯುದ್ದಕ್ಕೂ ಬೇಕು.

ಐಸ್ ಕಟ್ಟೋದು ಹಿಂಗ: ಕಾಂಕ್ರೀಟ್ ತಂಪಾದ ಮ್ಯಾಲೆ ನೀರನ್ನ ಮಂಜಿನಂಗ ಸಿಂಪಡಿಸಿ ತೆಳು ಪದರ, ಅದು ಗಟ್ಟಿಯಾದ ಮ್ಯಾಲೆ ಇನ್ನೊಂದು ಪದರ. ಹಿಂಗ ಮೂರರಿಂದ ಐದು ಸೆಂಟಿಮೀಟರ್ ತನಕ. ಒಂದೇ ಸಲಕ್ಕ ಸುರದ್ರ ಒಳಗ ಗಾಳಿ ಸಿಕ್ಕು ಬಿಳಿ ಐಸ್ ಆಗತೈತಿ, ರನ್ನರ್ ಹಾದಾಗ ಚಕ್ಕೆ ಏಳತೈತಿ. ಕಡೀಗೆ ಕೈಯಾಗ ಉದ್ದ ಹಿಡಿಕೆಯ ಕತ್ತಿ ಹಿಡದು ಹೆರದು ಆಕಾರ ಕೊಡತಾರ. ಗಾಳಿಯೊಳಗ ತೇವ ಹೆಚ್ಚಿದ್ರ ಐಸಿನ ಮ್ಯಾಲೆ ಹಿಟ್ಟಿನಂಥ ಹಿಮ ಕೂಡತೈತಿ, ಬಂಡಿ ನಿಧಾನ ಆಗತೈತಿ. ಅದಕ್ಕ ತಿರುವುಗಳ ಮ್ಯಾಲೆ ಚಪ್ಪರ, ಬಿಸಿಲಿಗೆ ಪರದೆ.

ಬೆಟಗೇರಿ ಕ್ರೀಡಾಪುಟ:
ಇಂಥ ಕೃತಕ ತಂಪಿನ ಮೊದಲ ದಾರಿ ಜರ್ಮನಿಯ ಕ್ಯೋನಿಗ್ಸ್‌ಜೀದಲ್ಲಿ 1960ರ ದಶಕದ ಕೊನೆಗೆ ಬಂತು. ಅದಕ್ಕೂ ಮೊದಲು ಎಲ್ಲಾ ನೈಸರ್ಗಿಕ ಐಸ್. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಬಾಬ್ ದಾರಿ ಮಾತ್ರ ಇವತ್ತಿಗೂ ಹಾಗೇ ಇದೆ. 1904ರಿಂದ ಪ್ರತಿ ಚಳಿಗಾಲ ಹಿಮ ಮತ್ತು ನೀರು ಕಲಸಿ, ಕೈಯಿಂದಲೇ 1,722 ಮೀಟರ್ ಉದ್ದ ಕಟ್ತಾರೆ. ವಸಂತಕ್ಕೆ ಅದು ಕರಗಿ ಹೋಗುತ್ತೆ.

ಆಟದ ಇತಿಹಾಸವೂ ಅದೇ ಊರಿನ ಸುತ್ತ ಸುತ್ತುತ್ತೆ. 1870ರ ದಶಕದಲ್ಲಿ ಬಾಡ್ರುಟ್ ಮನೆತನದ ಹೋಟೆಲುಗಳಿಗೆ ಚಳಿಗಾಲ ಕಳೆಯೋಕೆ ಬಂದ ಇಂಗ್ಲಿಷ್ ಅತಿಥಿಗಳು ಸಾಮಾನು ಸಾಗಿಸೋ ಬಂಡಿ ಹಿಡಿದು ಊರ ಬೀದಿಯಲ್ಲಿ ಜಾರತೊಡಗಿದರು. ದಾರಿಹೋಕರಿಗೆ ತಾಗತೊಡಗಿದ್ದಕ್ಕೆ ಬೇರೆ ದಾರಿ ಬೇಕಾಯ್ತು. 1884-85ರ ಚಳಿಗಾಲದಲ್ಲಿ ಕ್ರೆಸ್ಟಾ ರನ್ ಕಟ್ಟಿದರು: 1,212 ಮೀಟರ್ ಉದ್ದ, 157 ಮೀಟರ್ ಇಳಿತ. ಪಕ್ಕದ ದಾವೋಸ್‌ನಲ್ಲಿ 1883ರಲ್ಲೇ ದಾವೋಸ್‌ನಿಂದ ಕ್ಲೋಸ್ಟರ್ಸ್‌ವರೆಗೆ 4 ಕಿ.ಮೀ. ಪಂದ್ಯ ನಡೆದಿತ್ತು. ಆಸ್ಟ್ರೇಲಿಯಾದ ವಿದ್ಯಾರ್ಥಿ ಜಾರ್ಜ್ ರಾಬರ್ಟ್‌ಸನ್, ಕ್ಲೋಸ್ಟರ್ಸ್‌ನ ಅಂಚೆಯವ ಪೀಟರ್ ಮಿನ್ಶ್ ಇಬ್ಬರೂ 9 ನಿಮಿಷ 15 ಸೆಕೆಂಡಿಗೆ ಸರಿಸಮ ಬಂದರು. ಸರಾಸರಿ ತೆಗೆದರೆ ತಾಸಿಗೆ 26 ಕಿ.ಮೀ. ಮಕ್ಕಳ ಚಾರ್ಟಿನಲ್ಲಿ ಇದನ್ನು ಇವತ್ತಿನ 150ರ ಪಕ್ಕದಲ್ಲಿ ಇಡಿ.

1924ರ ಮೊದಲ ಚಳಿಗಾಲದ ಒಲಿಂಪಿಕ್ಸಿನಲ್ಲಿ, ಶಾಮೊನಿಯಲ್ಲಿ, ನಾಲ್ವರ ಬಾಬ್ ಇತ್ತು. ಸ್ಕೆಲಿಟನ್ 1928 ಮತ್ತು 1948ರಲ್ಲಿ ಬಂದು ಹೋಯ್ತು. ಎರಡೂ ಸಲ ಕೂಟ ನಡೆದದ್ದು ಸೇಂಟ್ ಮೊರಿಟ್ಜ್‌ನಲ್ಲಿ, ಕ್ರೆಸ್ಟಾ ದಾರಿಯ ಮೇಲೆ. ಮತ್ತೆ ಬಂದದ್ದು 2002ಕ್ಕೆ, ಹೆಣ್ಣುಮಕ್ಕಳ ಬಾಬ್ ಜೊತೆಯಲ್ಲೇ. ಲೂಜ್ 1964ರ ಇನ್ಸ್‌ಬ್ರುಕ್‌ಗೆ. 1960ರಲ್ಲಿ ಸ್ಕ್ವಾ ವ್ಯಾಲಿಯವರು ದಾರಿಯನ್ನೇ ಕಟ್ಟಲಿಲ್ಲ, ಹಾಗಾಗಿ ಆ ವರ್ಷ ಬಾಬ್ ಇಲ್ಲ. ವರ್ಷಗಳ ಪಟ್ಟಿ ಮಾಡುವಾಗ ಅದೊಂದು ಖಾಲಿ ಬಿಡೋದು ಮರೀಬೇಡಿ.

ತಾರಿಹಾಳ ಫಿಟ್ಟರ್:
1964ರ ಮಾತು ಬಂತು ಅಂದ್ರ ಆ ಬೋಲ್ಟಿನ ಸುದ್ದಿ ಚಾರ್ಟಿನಾಗ ಇರಾಕಬೇಕು. ಬ್ರಿಟನ್ನಿನ ನ್ಯಾಶ್ ಮತ್ತ ಡಿಕ್ಸನ್ ಜೋಡಿಯ ಬಾಬ್ ಬಂಡಿಯ ಹಿಂದಿನ ಆಕ್ಸಲ್ ಬೋಲ್ಟ್ ತುಂಡಾತು. ಇಟಲಿಯ ಯುಜೆನಿಯೊ ಮೊಂಟಿ ತನ್ನ ಸರತಿ ಮುಗಿದ ಕೂಡ್ಲೆ ತನ್ನ ಬಂಡಿಯ ಬೋಲ್ಟ್ ಬಿಚ್ಚಿ ಕೊಟ್ಟ. ಚಿನ್ನ ಬ್ರಿಟನ್ನಿಗೆ ಹೋತು, ಮೊಂಟಿಗೆ ಕಂಚು. ಆಟದ ಮರ್ಯಾದಿ ಕಾಯ್ದದ್ದಕ್ಕ ಕೊಡೋ ಪಿಯರ್ ದ ಕುಬರ್ತಾಂ ಪದಕ ಮೊದಲು ಸಿಕ್ಕದ್ದು ಅವಂಗ. ನಾಲ್ಕು ವರ್ಷಕ್ಕ, ನಲವತ್ತರ ವಯಸ್ಸಿನಾಗ, ಚಿನ್ನಾನೂ ಗೆದ್ದ.

ರನ್ನರಿನ ಬಗ್ಗೆ ಒಂದಿಷ್ಟು. ಬಾಬ್‌ನಾಗ 2006ರಿಂದ ಉಕ್ಕು ಒಂದೇ ಕಡೆಯಿಂದ ಬರತೈತಿ, ಒಕ್ಕೂಟ ಒಪ್ಪಿದ್ದ ಉಕ್ಕು ಬಿಟ್ಟು ಬ್ಯಾರೆ ಹಚ್ಚಂಗಿಲ್ಲ. ಲೇಪನ ಬಳಿಯಂಗಿಲ್ಲ. ಉಳದಿದ್ದು ಪಾಲಿಶ್ ಅಷ್ಟ. ಒರಟು ಎಮರಿ ಪೇಪರಿನಿಂದ ಶುರು ಮಾಡಿ ನುಣುಪಿನ ಕಡೆ ಬರತಾರ, ಕಡೀಗೆ ವಜ್ರದ ಪೇಸ್ಟ್. ಕೈ ಓಡೋದು ಯಾವಾಗಲೂ ರನ್ನರಿನ ಉದ್ದಕ್ಕ. ಅಡ್ಡ ತಿಕ್ಕಿದ್ರ ಗೀರು ಅಡ್ಡ ಬೀಳತಾವ, ಪ್ರತಿ ಗೀರೂ ಐಸ್ ಹೆರೀತೈತಿ. ಒಂದು ನಂಬರಿನ ಗೀರು ಪೂರ್ತಿ ಹೋಗೋತನಕ ಮುಂದಿನ ಪೇಪರ್ ಹಿಡೀಬಾರದು.

ಕಾಸೋದು ದೊಡ್ಡ ಕಳವು. ಬಿಸಿ ರನ್ನರ್ ಐಸ್ ಕರಗಿಸಿ ನೀರಿನ ಪದರ ದಪ್ಪ ಮಾಡತೈತಿ, ಮ್ಯಾಲಿನ ನೂರಿನ್ನೂರು ಮೀಟರಿನಾಗ ವೇಗ ಸಿಗತೈತಿ. 1968ರ ಗ್ರೆನೋಬಲ್ ಕೂಟದಾಗ ಪೂರ್ವ ಜರ್ಮನಿಯ ಮೂವರು ಲೂಜ್ ಹೆಣ್ಣುಮಕ್ಕಳನ್ನ ರನ್ನರ್ ಕಾಸಿದ್ದಕ್ಕ ಹೊರಗ ಹಾಕಿದ್ರು. ಈಗ ಹೊರಡೋಕ ಮುಂಚೆ ಒಂದು ಮಾದರಿ ಉಕ್ಕಿನ ತುಂಡಿನ ಉಷ್ಣತೆ ಜೋಡಿ ಹೋಲಿಸಿ ನೋಡತಾರ.

ಹಾವೇರಿ ಮಾಸ್ತರ:
ಇಷ್ಟು ವಿವರ ಯಾವ ಪುಸ್ತಕದಾಗೂ ಸಿಕ್ಕಿರಲಿಲ್ಲ. ಎಲ್ಲಾರಿಗೂ ಧನ್ಯವಾದ. ಈಗ ಮಾದರಿ ಹೇಳ್ರಿ. ತೂಕದ ವಿಷಯ ಕಣ್ಣಿಗೆ ಕಾಣಂಗ ತೋರಿಸಬೇಕು, ಹಿಂದಿನ ಬೆಂಚಿಗೂ ಕಾಣಬೇಕು.

ಕೆಲಗೇರಿ ಭೌತಶಾಸ್ತ್ರ:
ತೂಕಕ್ಕ ಐಸ್ ಬ್ಯಾಡ, ಗಾಲಿ ಬಂಡಿ ಸಾಕು. 8 ಫೂಟಿನ ಎರಡು ಪ್ಲೈವುಡ್ ಹಲಿಗೆ ತುದಿಗೆ ತುದಿ ಜೋಡಸ್ರಿ, ಒಟ್ಟು 4.88 ಮೀಟರ್. ಒಂದು ಕಡೆ 85 ಸೆಂ.ಮೀ. ಎತ್ತಿದ್ರ 10 ಡಿಗ್ರಿ ಇಳಿಜಾರು ಆಗತೈತಿ. ಒಂದೇ ಥರದ ಎರಡು ಬಂಡಿ, ಒಂದು 250 ಗ್ರಾಂ, ಇನ್ನೊಂದಕ್ಕ ಮುಕ್ಕಾಲು ಕೆ.ಜಿ. ಉಸುಕಿನ ಚೀಲ ಕಟ್ಟಿ 1 ಕೆ.ಜಿ. ಮಾಡ್ರಿ. ಮೊದಲು ಹಂಗ ಬಿಡ್ರಿ: ಎರಡೂ ಹೆಚ್ಚು ಕಡಿಮಿ ಒಟ್ಟಿಗೆ ಬರತಾವ. ಪುಸ್ತಕದ ಮಾತು ಅಲ್ಲಿಗೆ ಖರೇ ಆತು.

ಆಮ್ಯಾಲೆ ಎರಡಕ್ಕೂ 30 × 30 ಸೆಂ.ಮೀ. ಥರ್ಮೋಕೋಲ್ ಹಾಳಿ ನೆಟ್ಟಗ ನಿಲ್ಲಿಸ್ರಿ, ಗಾಳಿಗೆ ಎದುರಾಗಿ. ಸೆಕೆಂಡಿಗೆ 2 ಮೀಟರ್ ವೇಗದಾಗ ಆ ಹಾಳಿ ಮ್ಯಾಲೆ ಬೀಳೋ ತಡೆ ಸುಮಾರು 0.24 ನ್ಯೂಟನ್. ಇಳಿಜಾರು ಕೊಡೋ ವೇಗೋತ್ಕರ್ಷ 1.7. ಹಗುರ ಬಂಡಿಗೆ ಅದರಾಗ 0.95 ಕಡಿತ ಆಗತೈತಿ, ಭಾರದ್ದಕ್ಕ 0.24 ಮಾತ್ರ. ಗಾಲಿಯ ಘರ್ಷಣೆ ಬಿಟ್ಟು ಲೆಕ್ಕ ಹಾಕಿದ್ರ ಭಾರದ ಬಂಡಿ 2.5 ಸೆಕೆಂಡಿಗೆ ಕೆಳಗ ಬರತೈತಿ, ಹಗುರದ್ದು 2.9ಕ್ಕ. ಭಾರದ್ದು ಗೆರೆ ಮುಟ್ಟಿದಾಗ ಹಗುರದ್ದು ಇನ್ನೂ 90 ಸೆಂ.ಮೀ. ಹಿಂದ ಇರತೈತಿ. ಯಾವ ಬೆಂಚಿಗೂ ಕಾಣತೈತಿ. ಒಂದೇ ಹಲಿಗೆ ಇಟ್ರ ಅಂತರ 30 ಸೆಂ.ಮೀ. ಒಳಗ ಬರತೈತಿ, ಅದಕ್ಕ ಎರಡು ಹಲಿಗೆ ಅಂದೆ.

ಎಡವೋದು ಇಲ್ಲಿ: ಹಾಳಿ ಒಂದಕ್ಕಷ್ಟ ಹಚ್ಚಿದ್ರ ಹೋಲಿಕೆ ಸುಳ್ಳಾಗತೈತಿ. ಹಾಳಿ ಎತ್ತರಕ್ಕ ನಿಲ್ಲಿಸಿದ್ರ ಹಗುರ ಬಂಡಿ ಹಿಂದಕ್ಕ ಮಗಚತೈತಿ, ತೀರಾ ತಗ್ಗಿಗೆ ಹಚ್ಚಿ. ಉಸುಕಿನ ಚೀಲ ಅಲುಗಾಡದಂಗ ಬಿಗೀರಿ. ಫ್ಯಾನ್ ಬಂದ್ ಮಾಡ್ರಿ.

ತಾರಿಹಾಳ ಫಿಟ್ಟರ್:
ಬಂಡಿಗೆ 608 ನಂಬರ್ ಬೇರಿಂಗ್ ತಗೊಳ್ರಿ: ಒಳಗ 8 ಮಿ.ಮೀ., ಹೊರಗ 22, ಅಗಲ 7. ಹುಬ್ಬಳ್ಳಿಯೊಳಗ ಯಾವ ಬೇರಿಂಗ್ ಅಂಗಡಿಯಾಗೂ ಸಿಗತಾವ. ಬೇರಿಂಗನ್ನ ಗಾಲಿ ಮಾಡ್ರಿ, ಮ್ಯಾಲೆ ರಬ್ಬರ್ ಹಾಕಬ್ಯಾಡ್ರಿ. 8 ಮಿ.ಮೀ. ರಾಡ್ 15 ಸೆಂ.ಮೀ. ಉದ್ದದ್ದು ಎರಡು, 10 × 20 ಸೆಂ.ಮೀ. 6 ಮಿ.ಮೀ. ಪ್ಲೈ ಒಂದು. ಎಲ್ಲಾ ಕೂಡಿ 250 ಗ್ರಾಂ ಹತ್ರ ಬರತೈತಿ. ಎರಡು ಆಕ್ಸಲ್ ಸಮಾನಾಂತರ ಇರಾಕಬೇಕು, ಎರಡೂ ಬದಿಯಿಂದ ಅಳತಿ ಹಿಡದು ನೋಡ್ರಿ. ಒಂದು ಮಿಲಿಮೀಟರ್ ಸೊಟ್ಟ ಆದ್ರೂ ಬಂಡಿ ಹಲಿಗೆ ಅಂಚಿಗೆ ಹೋಗಿ ಉಜ್ಜತೈತಿ. ಅಂಚಿಗೆ ಪಟ್ಟಿ ಹೊಡದು ಕಾಯೋದಕ್ಕಿಂತ ಆಕ್ಸಲ್ ಸರಿ ಮಾಡೋದು ಚಲೋ.

ಶಿಗ್ಗಾವಿ ಹುಡುಗ:
ತಿರುವಿನಲ್ಲಿ ಬಂಡಿ ಗೋಡೆ ಹತ್ತಿ ಹೋಗುತ್ತಲ್ಲ, ಅದನ್ನೂ ತೋರಿಸಬಹುದಾ?

ಕೆಲಗೇರಿ ಭೌತಶಾಸ್ತ್ರ:
ಬರತೈತಿ ತಮ್ಮಾ. ಹಳೇ 26 ಇಂಚಿನ ಸೈಕಲ್ ಟೈರ್ ಅರ್ಧ ಕತ್ತರಿಸಿ, ಪ್ಲೈ ಮ್ಯಾಲೆ ಅಡ್ಡ ಮಲಗಿಸಿ ಮೊಳೆ ಹೊಡಿ. ಟೈರಿನ ಬಾಯಿ ನಡುವಿನ ಕಡೆ ಇರಲಿ. ತ್ರಿಜ್ಯ ಸುಮಾರು 33 ಸೆಂ.ಮೀ. ಒಂದು ಪಿವಿಸಿ ಪೈಪ್ ಉದ್ದಕ್ಕ ಸೀಳಿ, ಟೈರಿನ ಕತ್ತರಿಸಿದ ತುದಿಗೆ ಕೂಡಿಸಿ, 29 ಸೆಂ.ಮೀ. ಎತ್ತರದಿಂದ ಗಾಜಿನ ಗೋಲಿ ಬಿಡು. ಗೋಲಿ ಉರುಳೋದಕ್ಕೂ ಒಂದಿಷ್ಟು ಶಕ್ತಿ ಹೋಗೋದರಿಂದ ಸೂತ್ರ ಸ್ವಲ್ಪ ಬ್ಯಾರೆ: ವೇಗದ ವರ್ಗ ಅಂದ್ರ 10/7 ಸಲ ಗುರುತ್ವ ಸಲ ಎತ್ತರ. ಸೆಕೆಂಡಿಗೆ 2 ಮೀಟರ್ ಬರತೈತಿ. ಆ ವೇಗಕ್ಕ ಪಕ್ಕದ ಒತ್ತಡ ಗುರುತ್ವದ 1.24 ಪಟ್ಟು, ಗೋಲಿ ಗೋಡೆಯ 51 ಡಿಗ್ರಿ ಓರೆ ತನಕ ಏರಾಕಬೇಕು. ಟೈರಿನ ಒಳಮೈಗೆ ಸುಣ್ಣದ ಪುಡಿ ಬಳದ್ರ ಗೋಲಿ ಹೋದ ದಾರಿ ಕಾಣತೈತಿ.

ಈಗ ಖರೇ ಬಂಡಿ ನೋಡು. 33 ಮೀಟರ್ ತ್ರಿಜ್ಯದ ತಿರುವು, ತಾಸಿಗೆ 144 ಕಿ.ಮೀ. ಅಂದ್ರ ಸೆಕೆಂಡಿಗೆ 40 ಮೀಟರ್. ಗುರುತ್ವದ 4.9 ಪಟ್ಟು. 78 ಡಿಗ್ರಿ ಓರೆ, ಹೆಚ್ಚು ಕಡಿಮಿ ನೆಟ್ಟಗಿನ ಗೋಡೆ. ಐದು ಕೆ.ಜಿ.ಯ ತಲೆ ಆ ಹೊತ್ತಿಗೆ 25 ಕೆ.ಜಿ. ತೂಗತೈತಿ. ಲೂಜ್‌ನವರು ಕುತ್ತಿಗೆ ಕಸರತ್ತು ಅಷ್ಟು ಮಾಡೋದು ಇದಕ್ಕ.

ಬೆಟಗೇರಿ ಕ್ರೀಡಾಪುಟ:
ಈ ಒತ್ತಡದಲ್ಲಿ ತಿರುವಿನಿಂದ ಹೊರಗೆ ಬರೋ ಕ್ಷಣ ತಪ್ಪಿದರೆ ಏನಾಗುತ್ತೆ ಅನ್ನೋದು 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಕಂಡಿದೆ. ಜಾರ್ಜಿಯಾದ ನೋಡರ್ ಕುಮಾರಿತಶ್ವಿಲಿ, 21 ವರ್ಷದ ಹುಡುಗ, ಉದ್ಘಾಟನೆಯ ದಿನವೇ ವಿಸ್ಲರ್‌ನ ಕೊನೇ ತಿರುವಿನಲ್ಲಿ ಬಂಡಿ ತಪ್ಪಿ, ದಾರಿಯ ಹೊರಗಿನ ಉಕ್ಕಿನ ಕಂಬಕ್ಕೆ ಬಡಿದು ತೀರಿಕೊಂಡ. ಆಗಿನ ವೇಗ ಸುಮಾರು 144 ಕಿ.ಮೀ. ಅದೇ ದಾರಿಯಲ್ಲಿ ಆಸ್ಟ್ರಿಯಾದ ಮಾನುಯೆಲ್ ಫಿಸ್ಟರ್ 154 ಮುಟ್ಟಿದ್ದ. ಅಪಘಾತದ ಮೇಲೆ ಗಂಡಸರು ಹೊರಡೋ ಜಾಗ ಕೆಳಗೆ ತಂದರು, ಗೋಡೆ ಎತ್ತರಿಸಿದರು. 2014ರ ಸೋಚಿ ದಾರಿಯಲ್ಲಿ ಬೇಕಂತಲೇ ಮೂರು ಕಡೆ ಏರು ಇಟ್ಟು ವೇಗ 135ರ ಸುತ್ತ ನಿಲ್ಲಿಸಿದರು. ದಾರಿ ಕಟ್ಟೋರು ವೇಗದ ದಾಖಲೆ ಬೆನ್ನು ಹತ್ತೋದು ಅಲ್ಲಿಗೆ ನಿಂತಿದ್ದು ಒಳ್ಳೇದೇ ಆಯ್ತು. ಚಾರ್ಟಿನಲ್ಲಿ ‘ಅತಿ ವೇಗ’ ಅಂತ ಬರೆಯೋ ಜಾಗದ ಪಕ್ಕ ಇದನ್ನೂ ಬರೆಸಿ ಮಾಸ್ತರ್ರೇ.

ನಮ್ಮ ದೇಶದ ಹೆಸರೂ ಇರಲಿ. ಮನಾಲಿಯ ಶಿವ ಕೇಶವನ್ 1998ರ ನಗಾನೊದಿಂದ 2018ರ ತನಕ ಆರು ಒಲಿಂಪಿಕ್ಸ್ ಲೂಜ್ ಆಡಿದರು. ನಗಾನೊಗೆ ಹೋದಾಗ 16 ವರ್ಷ. ನಮ್ಮಲ್ಲಿ ಐಸ್ ದಾರಿ ಇಲ್ಲ, ಹಿಮಾಲಯದ ರಸ್ತೆಯಲ್ಲಿ ಗಾಲಿ ಹಚ್ಚಿದ ಬಂಡಿಯಲ್ಲೇ ಅಭ್ಯಾಸ. 2011ರಲ್ಲಿ ತಾಸಿಗೆ 134.3 ಕಿ.ಮೀ. ವೇಗದಲ್ಲಿ ಏಷ್ಯಾ ದಾಖಲೆ ಮಾಡಿದರು.

ಶಿಗ್ಗಾವಿ ಹುಡುಗ:
ಹಾಗಾದರೆ ಬೇರಿಂಗ್ ಗಾಡಿ ಮಾಡಿಕೊಂಡು ನೃಪತುಂಗ ಬೆಟ್ಟದ ರಸ್ತೆಯಲ್ಲಿ ಇಳಿದು ವೇಗ ಅಳೆದು ತೋರಿಸಬಹುದಲ್ವಾ?

ತಾರಿಹಾಳ ಫಿಟ್ಟರ್:
ಬ್ಯಾಡ ತಮ್ಮಾ, ಆ ವಿಚಾರನ ಬಿಡು. ನೂರು ಮೀಟರಿಗೆ ಆರು ಮೀಟರ್ ಇಳಿಯೋ ರಸ್ತಾದಾಗ 200 ಮೀಟರ್ ಹೋದ್ರ 12 ಮೀಟರ್ ಇಳಿತ. ಗಾಲಿಯ ಘರ್ಷಣೆಗೆ ಮೂರನೇ ಒಂದು ಭಾಗ ಹೋತು ಅಂತ ಹಿಡದ್ರೂ ತಾಸಿಗೆ 45 ಕಿ.ಮೀ. ಮುಟ್ಟತಿ. ಬೇರಿಂಗಿಗೆ ಡಾಂಬರ್ ಮ್ಯಾಲೆ ಹಿಡಿತ ಇಲ್ಲ, ತಿರುವಿದ್ರ ಅಡ್ಡ ಜಾರತೈತಿ. ಬ್ರೇಕ್ ಅಂದ್ರ ಚಪ್ಪಲಿ. ಆ ಬೆಟ್ಟದಾಗ ಮುಂಜಾನೆ ಸಂಜಿ ಜನ ಅಡ್ಡಾಡತಾರ. ಕೇಶವನ್ ರಸ್ತಾದಾಗ ಮಾಡ್ಯಾರ ಅಂದ್ರ ಅವರು ಲೂಜ್ ಕಲತು ಬಂದು ಮಾಡ್ಯಾರ.

ಹಾವೇರಿ ಮಾಸ್ತರ:
ಫಿಟ್ಟರ್ ಸಾಹೇಬ್ರು ಹೇಳಿದ್ದು ಸರಿ, ರಸ್ತಾಕ್ಕ ಮಕ್ಕಳನ್ನ ಬಿಡಂಗಿಲ್ಲ. ಐಸಿನ ಘರ್ಷಣೆ ತೋರಿಸೋದೊಂದು ಉಳೀತು. ಫ್ರಿಜ್ಜಿನ ಐಸಿನಾಗ ಆಗತೈತೇನು?

ಬ್ಯಾಡಗಿ ಕೋಲ್ಡ್ ಸ್ಟೋರೇಜ್:
ಆಗತೈತಿ ಸರ, ಆದ್ರ ಐಸ್ ಸಪಾಟ ಇರಬೇಕು. ಉದ್ದನೆಯ ತಗಡಿನ ಟ್ರೇ, ಫ್ರೀಜರಿನಾಗ ಹಿಡಿಯೋ ಅಷ್ಟು ಉದ್ದದ್ದು. ನೀರು ಕುದಿಸಿ ಆರಿಸಿ ಹಾಕ್ರಿ, ಕುದಿಸಿದ್ರ ಕರಗಿದ ಗಾಳಿ ಹೋಗಿ ಐಸ್ ತಿಳಿ ಬರತೈತಿ. ಎರಡು ಸೆಂ.ಮೀ. ನೀರನ್ನ ಒಮ್ಮೆಲೇ ಹಾಕಬ್ಯಾಡ್ರಿ. ಅಂಚು ಮೊದಲು ಗಟ್ಟಿ ಆಗಿ, ನಡುವಿನ ನೀರು ಹಿಗ್ಗಿ ಮ್ಯಾಲೆ ಬಂದು ದಿಬ್ಬ ಆಗತೈತಿ. ಅರ್ಧರ್ಧ ಸೆಂ.ಮೀ. ಹಾಕಿ ಗಟ್ಟಿ ಮಾಡಕೋತ ಹೋಗ್ರಿ. ಆದ್ರೂ ದಿಬ್ಬ ಬಂದ್ರ ಸಪಾಟ ಹಂಚನ್ನ ಸ್ವಲ್ಪ ಬಿಸಿ ಮಾಡಿ ಮ್ಯಾಲೆ ಆಡಿಸಿ, ಮತ್ತ ಫ್ರೀಜರಿಗೆ ಇಡ್ರಿ.

ಹೊರಗ ತಗದ ಕೂಡ್ಲೆ ಮೈನಸ್ 18ರ ಹತ್ರ ಇರತೈತಿ, ನಮ್ಮ ಗಾಳಿಯ ತೇವ ಅದರ ಮ್ಯಾಲೆ ಬಿಳಿ ಹಿಮ ಆಗಿ ಕೂಡತೈತಿ. ಒಣ ಬಟ್ಟಿಯಿಂದ ಒರಸ್ರಿ. ಆಗೊಮ್ಮೆ ಅಳೀರಿ, ಐದು ನಿಮಿಷ ಬಿಟ್ಟು ಒಮ್ಮೆ, ಮ್ಯಾಲೆ ನೀರು ನಿಂತ ಮ್ಯಾಲೆ ಒಮ್ಮೆ. ಮೂರು ಅಳತಿ ಬ್ಯಾರೆ ಬ್ಯಾರೆ ಬರತಾವ, ಅದ ಪಾಠ.

ಕೆಲಗೇರಿ ಭೌತಶಾಸ್ತ್ರ:
ಅಳಿಯೋದು ಹಿಂಗ. ಟ್ರೇ 5 ಡಿಗ್ರಿ ಓರೆ ಮಾಡಿ, ಪಾಲಿಶ್ ಮಾಡಿದ ಎರಡು ಉಕ್ಕಿನ ಪಟ್ಟಿ ಮ್ಯಾಲೆ ಸಣ್ಣ ಹಲಿಗೆ ಕೂಡಿಸಿ ಬಿಡ್ರಿ. ದೂರದ ಎರಡು ಪಟ್ಟನ್ನ ಸಮಯದ ವರ್ಗದಿಂದ ಭಾಗಿಸಿದ್ರ ವೇಗೋತ್ಕರ್ಷ. ಒಂದು ಮೀಟರ್ ಇಳಿಜಾರಿಗೆ ಘರ್ಷಣಾಂಕ 0.03 ಇದ್ರ 1.9 ಸೆಕೆಂಡ್, 0.05 ಇದ್ರ 2.3 ಸೆಕೆಂಡ್ ಹಿಡೀತೈತಿ. ಟ್ರೇ ಅರ್ಧ ಮೀಟರ್ ಇದ್ರ ಸಮಯ 1.33 ಮತ್ತ 1.65ಕ್ಕ ಇಳೀತೈತಿ, ಎರಡರ ನಡುವಿನ ಫರಕಿನಷ್ಟ ಕೈ ಗಡಿಯಾರದ ತಪ್ಪು ಇರತೈತಿ. ಮೊಬೈಲಿನ ನಿಧಾನ ವಿಡಿಯೊ, ಸೆಕೆಂಡಿಗೆ 240 ಚಿತ್ರ ತಗಿಯೋದು ಇದ್ರ ಅದನ್ನ ಬಳಸ್ರಿ. ಚಿತ್ರ ಎಣಿಸಿದ್ರ ಸೆಕೆಂಡಿನ ಸಾವಿರ ಭಾಗದಾಗ ನಾಲ್ಕು ಭಾಗದ ತನಕ ಖಾತ್ರಿ ಸಿಗತೈತಿ.

ಐಸ್ ಕೈ ಕೊಟ್ರ ಇನ್ನೊಂದು ದಾರಿ ಐತಿ, ಬಿಸಿಲ ನಾಡಿಗೆ ಅದ ಹೊಂದತೈತಿ. ಈಜಿಪ್ಟಿನ ಜೆಹುತಿಹೋಟೆಪ್ ಅನ್ನೋ ಅಧಿಕಾರಿಯ ಗೋರಿಯಾಗ, ಸುಮಾರು 3,900 ವರ್ಷದ ಹಿಂದಿನದು, ದೊಡ್ಡ ಪ್ರತಿಮೆಯನ್ನ ಮರದ ಜಾರುಬಂಡಿ ಮ್ಯಾಲೆ ಎಳಿಯೋ ಚಿತ್ರ ಐತಿ. ಬಂಡಿಯ ಮುಂದ ಒಬ್ಬಾವ ಉಸುಕಿಗೆ ನೀರು ಹನಿಸ್ತಾನ. 2014ರಾಗ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದವರು ಅದನ್ನ ಪ್ರಯೋಗ ಮಾಡಿ ನೋಡಿದ್ರು: ಸರಿಯಾದ ತೇವ ಇದ್ರ ಎಳಿಯೋ ಬಲ ಅರ್ಧಕ್ಕ ಇಳೀತೈತಿ. ಒಣ ಉಸುಕು ಬಂಡಿಯ ಮುಂದ ಗುಡ್ಡಿ ಬೀಳತೈತಿ, ತೇವದ ಉಸುಕು ಕಾಳಿಗೆ ಕಾಳು ಹಿಡಕೊಂಡು ಗಟ್ಟಿ ನಿಲ್ಲತೈತಿ. 5 ಕೆ.ಜಿ. ಒಣ ಉಸುಕಿಗೆ 150 ಮಿ.ಲೀ. ನೀರು ಕಲಸಿ, ಇನ್ನೊಂದು ಟ್ರೇದಾಗ ಒಣಾದ್ದು ಇಟ್ಟು, ಹಲಿಗೆ ಮ್ಯಾಲೆ ಇಟ್ಟಂಗಿ ಇಟ್ಟು ಸ್ಪ್ರಿಂಗ್ ತಕ್ಕಡಿಯಿಂದ ಎಳೀರಿ. ನೀರು ಹೆಚ್ಚಾದ್ರ ಕೆಸರಾಗಿ ಬಲ ಮತ್ತ ಏರತೈತಿ, ಅದನ್ನೂ ಮೂರನೇ ಟ್ರೇ ಮಾಡ್ರಿ.

ಹಾವೇರಿ ಮಾಸ್ತರ:
ಉಸುಕಿನದು ನಾಳೇನ ಶುರು ಮಾಡಸತೀನಿ. ಹುಡುಗರು ಬೇರಿಂಗ್ ತಂದಾರ, ಆದ್ರ ಬೆರಳಿನಿಂದ ತಿರುಗಿಸಿದ್ರ ಅರ್ಧ ಸುತ್ತಿಗೆ ನಿಲ್ಲತಾವ. ಹೊಸಾವ ಇದ್ರೂ ಹಿಂಗ ಯಾಕ?

ತಾರಿಹಾಳ ಫಿಟ್ಟರ್:
ರಬ್ಬರ್ ಸೀಲ್ ಇರೋದು ತಂದಿರಬೇಕು ಮಾಸ್ತರ್ರ. ಸೀಲಿನ ತುಟಿ ಒಳಗಿನ ಬಳೆಗೆ ಉಜ್ಜತೈತಿ, ಮ್ಯಾಲೆ ಒಳಗ ಗ್ರೀಸ್ ದಪ್ಪ ಇರತೈತಿ. ಮೋಟರಿಗೆ ಅದು ಬೇಕು, 250 ಗ್ರಾಂ ಬಂಡಿಗೆ ಭಾರ ಆಗತೈತಿ. ಸಣ್ಣ ಸೂಜಿಯಿಂದ ಸೀಲಿನ ಅಂಚು ಎತ್ತಿ ಎರಡೂ ಕಡೆ ತಗೀರಿ. ಚಿಮಣಿ ಎಣ್ಣಿಯೊಳಗ ಒಂದು ತಾಸು ನೆನೆ ಹಾಕಿ, ಬ್ರಷ್‌ನಿಂದ ತೊಳದು, ಒಣಗಿಸಿ, ಹೊಲಿಗಿ ಮಷಿನ್ ಎಣ್ಣಿ ಒಂದೊಂದು ಹನಿ ಹಾಕ್ರಿ. ಹೆಚ್ಚು ಹಾಕಿದ್ರ ಧೂಳು ಹಿಡದು ಮತ್ತ ಬಿಗಿ ಆಗತಾವ. ತೊಳಿಯೋ ಕೆಲಸ ದೊಡ್ಡವರು ಮಾಡ್ರಿ, ಒಲಿ ಹತ್ರ ಬ್ಯಾಡ. ಎಂಟೂ ಬೇರಿಂಗ್ ಒಂದೇ ಥರ ತಿರುಗತಾವೋ ಇಲ್ಲೋ ನೋಡಿ, ನಿಧಾನ ತಿರುಗೋವ ಎರಡೂ ಬಂಡಿಗೆ ಸಮ ಹಂಚ್ರಿ.